ಪಕ್ಕದ ಮನೆಯ ಹೈಡ್ರೋಜನ್

ರಸಾಯನಶಾಸ್ತ್ರದ ಮೌಖಿಕ ಪರೀಕ್ಷೆ ನಡೆಯುತ್ತಿದ್ದ ಕೋಣೆಯ ಹೊರಗೆ, ನನ್ನ ಪಕ್ಕದ ಬೆಂಚಿನಲ್ಲಿ ಒಬ್ಬ ಹುಡುಗಿ ತನ್ನ ಸೋದರತ್ತೆಯ ಕೈ ಹಿಡಿದು ನಡುಗುತ್ತಿದ್ದಳು.

"ಅತ್ತೆ, ಎಲ್ಲಾ ಮರೆತೋಯ್ತು. ಮನೆಗೆ ಹೋಗೋಣ."

"ಸುಮ್ನೆ ಕೂತ್ಕೊ. ಎನ್‌ಎಂಆರ್ ಅಂದ್ರೇನು, ನಂಗೆ ಹೇಳು."

"ದೊಡ್ಡ ಅಯಸ್ಕಾಂತದೊಳಗೆ ಸ್ಯಾಂಪಲ್ ಇಟ್ಟು ರೇಡಿಯೋ ಅಲೆ ಬಿಟ್ರೆ, ಅದರೊಳಗಿನ ಹೈಡ್ರೋಜನ್‌ಗಳು ತಾವು ಎಲ್ಲಿ ಕೂತಿದ್ದೀವಿ ಅಂತ ಹೇಳ್ತವೆ."

"ಬಾಯಿಬಿಟ್ಟು?"

"ಗ್ರಾಫಿನ ಗೆರೆಗಳಲ್ಲಿ, ಅತ್ತೆ. ಪಕ್ಕದ ಕಾರ್ಬನ್ ಮೇಲೆ ಎರಡು ಹೈಡ್ರೋಜನ್ ಇದ್ರೆ ಗೆರೆ ಮೂರಾಗಿ ಒಡೆಯುತ್ತೆ. ಮೂರಿದ್ರೆ ನಾಲ್ಕಾಗುತ್ತೆ."

"ಅಂದ್ರೆ, ತನ್ನ ವಿಷ್ಯ ಕೇಳಿದ್ರೆ ಪಕ್ಕದ ಮನೆಯವರ ವಿಷ್ಯಾನೂ ಸೇರಿಸಿ ಹೇಳುತ್ತೆ. ಥೇಟ್ ನಿಮ್ಮಮ್ಮ!"

"ಅಮ್ಮನಿಗೆ ಅಯಸ್ಕಾಂತಾನೂ ಬೇಡ, ಅತ್ತೆ."

ಒಳಗಿಂದ ಕರೆ ಬಂತು. ಹುಡುಗಿ ನಗುತ್ತಲೇ ಎದ್ದು ಬಾಗಿಲಿನತ್ತ ಹೋದಳು. ಅತ್ತೆಗೆ ಈಗ ನಡುಕ ಶುರುವಾಯಿತು.

"ಒಳಗೆ ನಿಮ್ಮಮ್ಮನ ಉದಾಹರಣೆ ಕೊಟ್ಟೀಯೆ, ಹುಷಾರು! ಮನೇಲಿ ನನ್ನ ಕಥೆ ಮುಗೀತು!"

ಬಾಗಿಲು ಮುಚ್ಚಿಕೊಂಡಿತು.