ಸೀಮೆಸುಣ್ಣದ ಗೆರೆಯಿಲ್ಲದ ಚೀಲ

ಅಗಲಿದ ನಮ್ಮ ಅಕ್ಕನಿಗೆ ನಮನ ಸಲ್ಲಿಸೋಕೆ ಸೇರಿರೋ ಎಲ್ಲರಿಗೂ, ಮುಂದಿನ ಸಾಲಿನಲ್ಲಿ ಗಾಡಿ ಮೇಲೇ ಕೂತಿರೋ ಅವಳ ಯಜಮಾನರಾದ ನಮ್ಮ ಭಾವನಿಗೂ ನಮಸ್ಕಾರ. ನಾನು ಅಕ್ಕನ ಪಕ್ಕದ ಮೆಷಿನ್‌ನವಳು. ಭಾಷಣ ನನಗೆ ಬರಲ್ಲ. ಮಾತೆಲ್ಲ ಅವಳದ್ದು, ನಾನು ಹೂಂ ಅಂತಿದ್ದೆ ಅಷ್ಟೇ.

ನಮ್ಮ ಕೆಲಸ ಗೊತ್ತಲ್ಲ — ನಡೆಯೋಕಾಗದವರು ಓಡಾಡೋ ಬ್ಯಾಟರಿ ಗಾಡಿಗೆ ಚೀಲ ಹೊಲಿಯೋದು. ಸೀಟಿನ ಹಿಂದಕ್ಕೊಂದು, ಹ್ಯಾಂಡಲ್‌ಗೊಂದು, ಊರುಗೋಲು ಸಿಕ್ಕಿಸೋಕೆ ಪಟ್ಟಿ. ಗಿರಾಕಿ ಬಂದ್ರೆ ಅಕ್ಕ ಟೇಪು ಮುಟ್ಟುತ್ತಿರಲಿಲ್ಲ. "ಕಣ್ಣು ಮುಚ್ಚಿ, ಕೈ ಚಾಚಿ" ಅನ್ನೋಳು. ಗಾಡಿಗೆ ಹಿಡಿದ ಬಟ್ಟೇಲಿ ಕೈ ಎಲ್ಲಿ ತಾಗುತ್ತೋ — ಹೀಗೆ — ಅಲ್ಲೊಂದು ಸೀಮೆಸುಣ್ಣದ ಗೆರೆ. ಜಿಪ್ಪೂ ಅಲ್ಲೇ, ಪಟ್ಟಿಯೂ ಅಲ್ಲೇ. ಆ ಗೆರೆ ನೋಡಿಯೇ ನಾವು ಹೊಲಿಯೋದು.

ಊರಿಗೆಲ್ಲ ಹೊಲಿದವಳು ಗಂಡನ ಗಾಡಿಗೆ ಅಂಗಡಿ ಕವರು ನೇತುಹಾಕಿದ್ಲು. "ನಾನೂ ಗಿರಾಕಿ ಆಗಿ ಬರ್ಲಾ?" ಅಂತ ಭಾವ ರೇಗಿಸೋರು. ಗಾಡಿ ಇಳಿದು ನಾಲ್ಕು ಹೆಜ್ಜೆ ಇಡೋಕೆ ಅವರಿಗೆ ಊರುಗೋಲು ಬೇಕೇ ಬೇಕು. ಅದು ದಾರೀಲಿ ಜಾರಿ ಬಿದ್ರೆ ಬಗ್ಗಿ ತಗೊಳ್ಳೋಕಾಗಲ್ಲ. ಹಾಗಾಗಿ ಎಲ್ಲಿಗೆ ಹೋದ್ರೂ ಅಕ್ಕ ಜೊತೆಗೆ ನಡೀಬೇಕಿತ್ತು. ಅಂತೂ ಇಂತೂ ಹೋದ ವಾರ ಅವರ ಚೀಲಕ್ಕೆ ಬಟ್ಟೆ ಕತ್ತರಿಸಿದ್ಲು. "ಇನ್ಮೇಲೆ ಒಬ್ಬರೇ ತಿರುಗಾಡ್ಲಿ, ನನಗೂ ಮಂಡಿ ನೋವು" ಅಂದ್ಲು. ಗೆರೆ ಎಲ್ಲಿ ಅಕ್ಕಾ ಅಂದೆ. "ಅವರ ಕೈ ನನಗೆ ಗೊತ್ತಿಲ್ವೇನೇ" ಅಂತ ನಕ್ಕಳು. ಮಾರನೇ ದಿನ ಎದೆ ನೋವು ಅಂತ ಕೂತವಳು ಏಳಲಿಲ್ಲ.

ಆ ತುಂಡುಗಳು ಮೇಜಿನ ಮೇಲೇ ಇವೆ. ಒಂದು ಚಿಕ್ಕ ತುಂಡಂತೂ ಎಲ್ಲಿಗೆ ಸೇರಬೇಕೋ ಯಾರಿಗೂ ತಿಳೀತಿಲ್ಲ. ನೀರು ಇಳಿಯದ ಬಟ್ಟೆ ಅದು — ಸೂಜಿ ತೂತು ಬಿದ್ರೆ ಮುಚ್ಚಲ್ಲ, ಬಿಚ್ಚಿ ಹೊಲಿಯೋ ಹಾಗಿಲ್ಲ. ಭಾವನ ಕೈಯನ್ನೇ ನೋಡೋಣ ಅಂತ ಮನೆಗೆ ಹೋದ್ವಿ. ಕಣ್ಣು ಮುಚ್ಚಿದ್ರು, ಕೈ ಚಾಚಿದ್ರು — ನಡುಗೋ ಕೈ, ಒಂದೊಂದ್ಸಲ ಒಂದೊಂದು ಕಡೆ ಬಿತ್ತು. ಬೇರೆ ಬಟ್ಟೇಲಿ ಹೊಸದು ಮಾಡ್ತೀವಿ ಅಂದ್ರೆ, "ಬೇಡಮ್ಮ, ಅವಳು ಕತ್ತರಿಸಿದ್ದೇ ಇರಲಿ" ಅಂತಾರೆ. ಏನು ಮಾಡೋಣ ಹೇಳಿ. ಇಷ್ಟು ಜನ ಹೊಲಿಯೋರಿದ್ದೀವಿ — ಒಬ್ಬರಿಗೂ ಸೂಜಿ ಇಳಿಸೋ ಧೈರ್ಯ ಇಲ್ಲ.

ಇನ್ನು ನನ್ನ ಕೈಲಾಗಲ್ಲ. ಎಲ್ಲರೂ ಎದ್ದು ನಿಂತು, ಅಕ್ಕನನ್ನ ನೆನೆದು, ಸ್ವಲ್ಪ ಹೊತ್ತು ಸುಮ್ಮನಿರೋಣ. ಭಾವ, ನೀವು ಕೂತೇ ಇರಿ. ಪಕ್ಕದಲ್ಲಿರೋರು ಯಾರಾದ್ರೂ — ಅವರ ಊರುಗೋಲು ಸ್ವಲ್ಪ ಹಿಡ್ಕೊಳ್ಳಿ. ಅವರು ಕೈ ಮುಗೀಬೇಕು, ಅದನ್ನಿಡೋಕೆ ಗಾಡೀಲಿ ಜಾಗ ಇಲ್ಲ.