ಇಸ್ತ್ರಿಯವರ ಅಂಗೈ

ಮಾನ್ಯ ಅಧ್ಯಕ್ಷರೇ, ವೇದಿಕೆಯ ಮೇಲಿರುವ ನಮ್ಮ ಡಾಕ್ಟರಮ್ಮನವರೇ, ಇಂದು ಸನ್ಮಾನ ಸ್ವೀಕರಿಸುತ್ತಿರುವ ಸೊಪ್ಪಿನಕ್ಕನವರೇ, ವರ್ಷಕ್ಕೊಂದು ದಿನವಾದರೂ ಸುಕ್ಕಿಲ್ಲದ ಬಟ್ಟೆ ತೊಟ್ಟು ಬಂದಿರುವ ಇಸ್ತ್ರಿ ಕೆಲಸಗಾರರ ಸಂಘದ ಸಭಿಕರೇ,

ಸೊಪ್ಪಿನಕ್ಕನ ಬಗ್ಗೆ ಎರಡು ಮಾತಾಡಲು ನನಗೆ ಹೇಳಿದ್ದಾರೆ. ಎರಡಕ್ಕೇ ನಿಲ್ಲಿಸುವವಳಲ್ಲ ನಾನು. ಮೂರನೇ ಸಾಲಿನಲ್ಲಿರುವ ನನ್ನ ಯಜಮಾನರಿಗೆ ಇದು ಗೊತ್ತು, ಈಗಲೇ ತಲೆ ತಗ್ಗಿಸಿದ್ದಾರೆ.

ಬಿಸಿಲಿಗೆ ಬಡವ ಬಲ್ಲಿದ ಎಂಬ ಭೇದವಿಲ್ಲ ಎನ್ನುತ್ತಾರೆ. ಇಲ್ಲವೇ? ಭೂಮಿ ಕಾಯುತ್ತಿದೆ ಎಂದು ಟೀವಿಯಲ್ಲಿ ಹೇಳುವವರು ತಣ್ಣನೆಯ ಕೋಣೆಯಲ್ಲಿರುತ್ತಾರೆ. ಅವರ ಅಂಗಿಗೆ ಇಸ್ತ್ರಿ ಹಾಕುವ ನಾವು ತಗಡಿನ ಕೆಳಗೆ, ಕೆಂಡದ ಮುಂದೆ ಇರುತ್ತೇವೆ. ಉಪ್ಪು ತಿಂದವರು ನೀರು ಕುಡಿಯಬೇಕಂತೆ. ಇಲ್ಲಿ ಉಪ್ಪು ತಿಂದವರು ಯಾರೋ, ಬಾಯಾರಿದವರು ನಾವು! ನಾನು ಮದುವೆಯಾಗಿ ಬಂದಾಗ ಸಂಜೆಗೆ ತಗಡು ತಣಿಯುತ್ತಿತ್ತು. ಈಗ ಬೆಳಗಾದರೂ ತಣಿಯುವುದಿಲ್ಲ. ಆದರೂ ಕೆಂಡದ ಜೊತೆ ಬಾಳುವವರಿಗೆ ಎಂಥ ಬಿಸಿಲು ಎಂಬ ಜಂಬ ನಮಗೆ.

ಹೋದ ವರ್ಷದ ಬೇಸಿಗೆಯ ಒಂದು ಮಧ್ಯಾಹ್ನ ನನಗೆ ಬೆವರು ನಿಂತುಹೋಯಿತು. ಸದ್ಯ, ಸೆಕೆ ಕಮ್ಮಿಯಾಯಿತು ಎಂದುಕೊಂಡೆ. ಸೀರೆ ಮಡಿಸುತ್ತ ಏನೇನೋ ಬಡಬಡಿಸಿದೆನಂತೆ. ಯಜಮಾನರು ಹಣೆ ಮುಟ್ಟಿ ನೋಡಿ, "ಏನೂ ಇಲ್ವಲ್ಲೇ, ತಣ್ಣಗಿದೀಯ. ಸ್ವಲ್ಪ ಕೂತ್ಕೋ" ಎಂದರು. ಪಕ್ಕದ ಮೇಜಿನಿಂದ ಮೈದುನ ಬಂದು ಮುಟ್ಟಿ, "ಅತ್ತಿಗೆ ಚೆನ್ನಾಗೇ ಇದಾರೆ" ಎಂದ. ಅತ್ತೆಯವರೂ ಮುಟ್ಟಿ ಹೌದೆಂದರು. ಜೀವಮಾನವೆಲ್ಲ ಇಸ್ತ್ರಿಪೆಟ್ಟಿಗೆ ಹಿಡಿದು ಗಟ್ಟಿಯಾದ ಅಂಗೈಗಳು, ಸಭಿಕರೇ! ಆ ಅಂಗೈಗಳಿಗೆ ಬಿಸಿ ಎಂದರೆ ಪೆಟ್ಟಿಗೆ ಮಾತ್ರ, ಮನುಷ್ಯರೆಲ್ಲ ತಣ್ಣಗೇ. ಮನೆಮಂದಿಯೆಲ್ಲ ಸೇರಿ ನಾನು ಗಟ್ಟಿಮುಟ್ಟಾಗಿದ್ದೇನೆಂದು ತೀರ್ಮಾನಿಸಿದರು. ನಾನು ಕುಸಿದು ಬಿದ್ದೆ.

ಆಗ ಓಡಿಬಂದವರು ಎದುರಿನ ಅಂಗಡಿಯ ಸೊಪ್ಪಿನಕ್ಕ. ದಿನವಿಡೀ ಸೊಪ್ಪಿಗೆ ನೀರು ಚಿಮುಕಿಸುವ ಕೈ ಅದು. ನನ್ನ ಕತ್ತು ಮುಟ್ಟಿದ್ದೇ ಚೀರಿದರಂತೆ: "ಅಯ್ಯೋ, ಮೈ ಕೆಂಡದ ಹಾಗೆ ಸುಡ್ತಿದೆ! ನಿಮ್ಮ ಕೈಗೇನಾಗಿದೆ?" ಸೊಪ್ಪಿನ ಮೇಲಿದ್ದ ಒದ್ದೆ ಗೋಣಿಯನ್ನೇ ನನಗೆ ಸುತ್ತಿ, ಬಕೆಟ್ಟಿನ ನೀರು ಸುರಿದು, ಆಟೋ ಹತ್ತಿಸಿದರು. ಇನ್ನಷ್ಟು ತಡವಾಗಿದ್ದರೆ ನಾನು ಉಳಿಯುತ್ತಿರಲಿಲ್ಲವೆಂದು ಡಾಕ್ಟರಮ್ಮ ಹೇಳಿದರು. ಕಣ್ಣು ಬಿಟ್ಟಾಗ ನನ್ನ ತಲೆ ತುಂಬ ಸೊಪ್ಪು. ಯಜಮಾನರು ಮಾತ್ರ ತಮ್ಮ ಅಂಗೈಯನ್ನೇ ನೋಡುತ್ತ ಕೂತಿದ್ದರು.

ಈ ಬೇಸಿಗೆಗೆ ಮುಂಚೆ, ಮಧ್ಯಾಹ್ನದ ಹೊತ್ತು ಕೆಂಡ ಆರಿಸೋಣ ಎಂದು ಡಾಕ್ಟರಮ್ಮ ಹೇಳಿದಾಗ ಸಂಘದಲ್ಲಿ ಗದ್ದಲವೋ ಗದ್ದಲ. ಗಿರಾಕಿಗಳು ಬಿಟ್ಟುಹೋದರೆ ಹೊಟ್ಟೆಗೇನು? ಆ ಭಯ ಸುಳ್ಳಲ್ಲ. ಆಗ ಎದ್ದು ನಿಂತವರು, ಸಭೆಯಲ್ಲಿ ಎಂದೂ ಬಾಯಿ ಬಿಡದ ನನ್ನ ಯಜಮಾನರು. "ಗಿರಾಕಿ ಹೋದ್ರೆ ಇನ್ನೊಬ್ರು ಬರ್ತಾರೆ. ಇವಳು ಹೋದ್ರೆ?" ಅಷ್ಟೇ ಹೇಳಿ ಕೂತರು.

ಬೇಸಿಗೆಯಿಡೀ ಮಧ್ಯಾಹ್ನ ಕೆಂಡ ಆರಿಸಿದೆವು. ಕೆಲವು ಗಿರಾಕಿಗಳು ಹೋದರು, ಹೆಚ್ಚಿನವರು ಗೊಣಗುತ್ತಲೇ ಸಂಜೆ ಬಂದರು. ಬಿಸಿಲು ಹೋದ ವರ್ಷಕ್ಕಿಂತ ಜೋರಿತ್ತು. ಆದರೆ ನಮ್ಮ ಇಸ್ತ್ರಿ ಮೇಜುಗಳ ಸಾಲಿನಲ್ಲಿ ಒಬ್ಬರೂ ಬೀಳಲಿಲ್ಲ. ಅಬ್ಬಾ, ಮೊದಲ ಮಳೆ ಬಿದ್ದ ದಿನ ನಾನು ಅತ್ತುಬಿಟ್ಟೆ!

ಈಗ ನನ್ನ ಯಜಮಾನರು ಅಂಗೈಯನ್ನು ನಂಬುವುದಿಲ್ಲ. ದಿನಾ ಮಧ್ಯಾಹ್ನ, ಎಲ್ಲರೆದುರಿಗೇ, ನನ್ನ ಹಣೆಗೆ ಕೆನ್ನೆಯಿಟ್ಟು ನೋಡುತ್ತಾರೆ. ಅತ್ತೆಯವರು ಆ ಕಡೆ ತಿರುಗಿಕೊಳ್ಳುತ್ತಾರೆ. ಮಳೆ ಹಿಡಿದು ಊರೆಲ್ಲ ತಂಪಾಗಿದೆ, ಇವರು ಇನ್ನೂ ನೋಡುವುದನ್ನು ಬಿಟ್ಟಿಲ್ಲ. ನಾನೂ ಬೇಡ ಎಂದಿಲ್ಲ.

ಸೊಪ್ಪಿನಕ್ಕಾ, ನಿಮಗೆ ಈ ಶಾಲು ಸಾಲದು. ಕೇಳಿದ ನಿಮಗೆಲ್ಲ ವಂದನೆ, ನಮಸ್ಕಾರ.