ದೇವೂನ ಜೀಪಿನ ಎರಡನೇ ಬ್ಯಾಟರಿ

ಜರಾ ಈ ಕಡಿ ಸರೀರಿ. ಆ ಕಿಡಕಿ ಮುಚ್ರಿ ಮೊದಲು... ಗ್ವಾಡಿಗೆ ಕಿವಿ ಇರ್ತಾವ ಅಂತಾರ, ನಮ್ಮ ಓಣ್ಯಾಗಂತೂ ಗ್ವಾಡಿಗೆ ಬಾಯೂ ಅದಾವ. ಈಗ ನಾ ಹೇಳೋದು ನಿಮ್ಮ ಹೊಟ್ಟ್ಯಾಗೇ ಇರಬೇಕು. ಸುರಪುರದಾಗಿರೋ ನಿಮ್ಮ ತಂಗಿ ಮುಂದೂ ಬಾಯಿ ಬಿಡಬ್ಯಾಡ್ರಿ. ಬಿಟ್ರೂ ಈ ಲಾಲಮ್ಮನ ಹೆಸರು ತೆಗಿಬ್ಯಾಡ್ರಿ. ನನ್ನ ಮ್ಯಾಲ ಆಣಿ ಮಾಡ್ರಿ... ಹಾಂ. ಈಗ ಕೇಳ್ರಿ.

ದೀಪಾವಳಿ ಆಗಿ ಒಂದು ವಾರ ಆಗಿತ್ತು. ಮರಿಲಿಂಗಮ್ಮನ ಮೊಮ್ಮಗಳನ್ನ ತೊಟ್ಲಾಗ ಹಾಕಿದ್ರು. ಉಂಡು, ಎರಡು ಜೋಗುಳ ಹಾಡಿ, ಎಲಿ ಅಡಿಕಿ ಹಾಕ್ಕೊಂಡು ನಾ ಹೊಂಟಾಗ ಹತ್ತರ ಮ್ಯಾಲಾಗಿತ್ತು. ಕರೆಂಟ್ ಇರಲಿಲ್ಲ. ನಮ್ಮ ಓಣಿಗೆ ಬರಬೇಕಂದ್ರ ಹಳೇ ಬಾವಿ ದಾಟಬೇಕು. ಬಾವಿ ಬಾಜೂಕ ಆಲದ ಮರ. ಮರದ ಬುಡಕ್ಕ ದೇವೂನ ಜೀಪು.

ಆ ಜೀಪು ಮೂರು ತಿಂಗಳಿಂದ ನಿಂತಲ್ಲೇ ನಿಂತದ. ಇಂಜಿನ್ ಸತ್ತದ. ಬ್ಯಾಟರಿ ಎರಡೂ ದೇವೂನ ಅಪ್ಪ ಬಸವಂತ್ರಾಯ ಬಿಚ್ಚಿ ದನದ ಕೊಟ್ಟಿಗ್ಯಾಗ ಇಟ್ಟಾನ. ಮ್ಯಾಲ ಜ್ವಾಳದ ಕಣಿಕಿ ಒಟ್ಟ್ಯಾನ. ನಾನೇ ನೋಡೇನಿ.

ಬಾವಿ ಹತ್ರ ಬಂದೆ...

ಟಕ್.

ನಿಂತೆ. ಹಲ್ಲಿ ಇರಬೇಕು ಅಂದ್ಕೊಂಡೆ.

ಟಕ್... ಟಕ್.

ಹಲ್ಲಿ ಅಲ್ಲ. ಹಲ್ಲಿ ಲೊಚ್ ಅಂತದ. ಇದು ಸ್ವಿಚ್ಚಿನ ಸಪ್ಪಳ. ಒತ್ತಿದಾಗ ಟಕ್, ಬಿಟ್ಟಾಗ ಟಿಕ್, ಆಮ್ಯಾಲ ಜೀಪಿನ ಹೊಟ್ಟ್ಯಾಗ ಎಲ್ಲೋ ಒಂದು ಸಣ್ಣ 'ಕಟ್'. ಅದರ ಹಿಂದೇ ಪಿಸುಮಾತು... ಒಂದು ಗಂಡಸಿನ ದನಿ, ಒಂದು ಹೆಂಗಸಿನ ದನಿ. ಹೆಂಗಸಿನ ದನಿ ಗುರುದೇವಿದು. ದೇವೂನ ಹೆಂಡ್ತಿದು.

ಗಂಡ ಸತ್ತು ಮೂರು ತಿಂಗಳು. ಕತ್ತಲದಾಗ ಯಾರ ಜೋಡಿ ಕುಂತಾಳ ಇಕಿ? ಸುಳ್ಯಾಕ ಹೇಳ್ಲಿ, ನನಗ ಆಗ ಅಂಜಿಕಿ ಬರಲಿಲ್ಲ. ಬಾಯಾಗ ನೀರು ಬಂತು. ಇವತ್ತ ಸಿಕ್ಕಳು ಅಂತ ಚಪ್ಪಲಿ ಕಳದು ಕೈಯಾಗ ಹಿಡದೆ. ಆ ಗಂಡಸು ಮುಜಫರ ಅಂತ ನಾ ಗ್ಯಾರಂಟಿ ಮಾಡ್ಕೊಂಡಿದ್ದೆ. ಯಾಕಂತೀರಿ? ಅದಕ್ಕ ಜೀಪಿನ ಸುದ್ದಿ ಮೊದಲು ಹೇಳಬೇಕು.

ದೇವು ಆ ಜೀಪು ಯಾದಗಿರ್ಯಾಗ ಹಳೇದು ತಂದಿದ್ದ. ನಮ್ಮ ಎರಿ ನೆಲ ನಿಮಗ ಗೊತ್ತದಲ್ಲ, ನಾಕು ಹನಿ ಬಿದ್ರ ಟ್ರ್ಯಾಕ್ಟರಿನ ಗಾಲಿ ನುಂಗಿ ಕುಂದರ್ತದ. ಅಂಥಲ್ಲಿ ಹೋಗಿ ಸಿಕ್ಕೊಂಡವರನ್ನ ಎಳದು ಹಾಕೋದು ಅವನ ಹುಚ್ಚು. ಮುಂದಿನ ಬಂಪರಿಗೆ ವಿಂಚು ಅಂತ ಹಾಕಿಸಿದ್ದ. ಸ್ವಿಚ್ಚು ಒತ್ತಿದ್ರ ಗುಂಯ್‌ಯ್ ಅಂತ ಉಕ್ಕಿನ ಹಗ್ಗ ಸುತ್ತಿಕೋತ ಎಂಥಾ ಗಾಡಿನೂ ಎಳೀತಿತ್ತು. ಆದ್ರ ಎರಡು ಸಲ ಎಳೆಯೋದ್ರಾಗ ಬ್ಯಾಟರಿ ಕುಂದರ್ತಿತ್ತು. ಆಮ್ಯಾಲ ಜೀಪನ್ನೇ ನಾಕು ಮಂದಿ ನೂಕಬೇಕು. "ಊರು ಎಳಿಯೋ ದೇವೂನ ಊರೇ ನೂಕ್ತದ" ಅಂತ ನಾ ನಗಚಾಟಿಗಿ ಮಾಡ್ತಿದ್ದೆ. ಅವನೂ ನಗತಿದ್ದ. "ಲಾಲಮ್ಮಾಯಿ, ನೀ ಸಿಕ್ಕೊಂಡಾಗ ಎಳಿಯೂದುಲ್ಲ ನೋಡು" ಅಂತಿದ್ದ.

ಅದಕ್ಕೇ ಎರಡನೇ ಬ್ಯಾಟರಿ. ಶಹಾಪುರ ಬಸ್‌ಸ್ಟ್ಯಾಂಡ್ ಹಿಂದ ಗಾಡಿ ವೈರಿಂಗ್ ಮಾಡೋ ಮುಜಫರನ್ನ ಕರ್ಕೊಂಡು ಬಂದ. ಕಾರಹುಣ್ಣಿಮಿ ಮರುದಿನ ಅದು. ಮುಜಫರ ಸೀಟಿನ ಕೆಳಗ ಎರಡನೇ ಬ್ಯಾಟರಿ ಕೂಡಿಸಿದ, ಮುಂದ ಆರು ಸ್ವಿಚ್ಚಿನ ಪಟ್ಟಿ ಹಚ್ಚಿದ. ವಿಂಚಿಗೊಂದು, ಟಾಪಿನ ಲೈಟಿಗೊಂದು, ಹಿಂದಿನ ಲೈಟಿಗೊಂದು, ಗಾಳಿ ಪಂಪಿಗೊಂದು, ದೊಡ್ಡ ಹಾರನ್ನಿಗೊಂದು. ಮ್ಯಾಲ ಇಂಗ್ಲೀಷಿನ್ಯಾಗ ಬರದಿತ್ತು. ದೇವು ಎರಡನೇತ್ತೆಗೇ ಸಾಲಿ ಬಿಟ್ಟಾವ, ನನ್ನಂಗೇ. ಅವಗ ಹ್ಯಾಂಗ ತಿಳೀಬೇಕು? ಗುರುದೇವಿ ಎತ್ತಿನ ಕೋಡಿಗೆ ಬಳಿದು ಉಳಿದಿದ್ದ ಬಣ್ಣ ತಂದು ಒಂದೊಂದಕ್ಕ ಒಂದೊಂದು ಚುಕ್ಕಿ ಇಟ್ಲು. ಕೆಂಪು ವಿಂಚು, ಹಸಿರು ಟಾಪಿನ ಲೈಟು, ಹೀಂಗ. ಆರನೇದು ಒಂದು ಹಂಗೇ ಉಳೀತು, ಬಣ್ಣ ಇಲ್ಲದ್ದು.

ಅದು ಯಾಕ ಉಳೀತು ಅಂದ್ರ, ಅದರ ಡಬ್ಬಿ ಇನ್ನಾ ಬಂದಿರಲಿಲ್ಲ. ಮುಜಫರ ಹೇಳಿದ್ದು ನಾನೂ ಕಟ್ಟಿ ಮ್ಯಾಲ ಕುಂತು ಕೇಳೇನಿ. "ದೇವಣ್ಣ, ಮೊದಲನೇ ಬ್ಯಾಟರಿ ಇಂಜಿನ್ನಿಂದು. ಎರಡನೇದು ವಿಂಚಿಗೆ, ಲೈಟಿಗೆ. ನಡುವ ಒಂದು ಡಬ್ಬಿ ಹಚ್ಚಬೇಕು. ಆಗ ಎರಡನೇದು ಸತ್ರೂ ಮೊದಲನೇದು ಜೀವಂತ ಇರ್ತದ, ಗಾಡಿ ಚಾಲೂ ಆಗ್ತದ. ಡಬ್ಬಿ ಹೈದರಾಬಾದಿಂದ ಬರಬೇಕು. ಎಂಟು ದಿನ ತಡೀರಿ. ಅಲ್ಲೀತನಾ ಎರಡೂ ಕೂಡಿಸಬ್ಯಾಡ್ರಿ, ನಿಮ್ಮ ಕಾಲು ಬೀಳ್ತೀನಿ."

ಆ ವೈರಿಂಗು ಎರಡು ದಿನ ನಡೀತು. ಎರಡನೇ ದಿನ ಜಿಟಿಜಿಟಿ ಮಳಿ. ದೇವು ಹೊಲಕ್ಕ ಹೋಗಿದ್ದ. ಜೀಪಿನ ಮ್ಯಾಲ ತಾಡಪತ್ರಿ ಹಾಕ್ಕೊಂಡು ಮುಜಫರ ಒಳಗ ಬಗ್ಗಿದ್ದ. ಗುರುದೇವಿ ಅವಗ ಮೊಬೈಲಿನ ಬೆಳಕು ಹಿಡದಿದ್ಲು. ಹಳದಿ ಒತ್ತಿದ್ರ ಪಂಪು ಚಾಲೂ ಆಗಬೇಕು, ತಂತಿ ಅದಲು ಬದಲಾಗಿ ಹಾರನ್ನು ಹೊಡೀತು... ಪೋಂಂಂ! ಮರದಾಗಿನ ಕಾಗಿ ಎಲ್ಲಾ ಎದ್ವು. ಒಳಗ ಇಬ್ಬರೂ ಬಿದ್ದು ಬಿದ್ದು ನಕ್ರು.

ನನಗ ಕಂಡದ್ದು ತಾಡಪತ್ರಿ ಕೆಳಗ ನಾಕು ಕಾಲು. ಕೇಳಿದ್ದು ಅಕಿ ನಗು. ಅಷ್ಟೇ. ಅಷ್ಟೇ ನಾ ನಳದ ಹತ್ರ ಮರಿಲಿಂಗಮ್ಮನ ಮುಂದ ಹೇಳ್ದೆ. "ಬಾಯಿ ತುಂಬ ಅಕ್ಕಾ ಅಂತಾನ, ತಾಡಪತ್ರಿ ಒಳಗ ಏನಂತಾನೋ" ಅಂದೆ.

"ಅಯ್ಯ ಲಾಲಮ್ಮ, ನಿನ್ನ ಕಣ್ಣಿಗೆ ಬೀಳಲಾರದ್ದು ಊರಾಗ ಏನದ?" ಅಂದ್ಲು ಮರಿಲಿಂಗಮ್ಮ.

ಕೊಡ ತುಂಬೋದ್ರಾಗ ಮಾತು ನಳದಿಂದ ಹೋಟೆಲ್ಲಿಗೆ ಹೋಗಿತ್ತು. ತಾಡಪತ್ರಿ ಅಳ್ಳಾಡಾಕತ್ತಿತ್ತು ಅಂತ ನಾ ಅಂದಿಲ್ಲ. ಅದು ಊರು ಹಚ್ಚಿದ್ದು. ನಿಮ್ಮ ಆಣಿ.

ಎಂಟನೇ ದಿನಕ್ಕ ಮುಜಫರ ಡಬ್ಬಿ ತಗೊಂಡು ಬಂದ. ದೇವು ಬಾಗಲಾಗೇ ನಿಂತಿದ್ದ. "ನನ್ನ ಗಾಡಿಗೂ ಕೈ ಹಚ್ಚಬ್ಯಾಡ, ನನ್ನ ಹೊಸ್ತಿಲಾನೂ ತುಳೀಬ್ಯಾಡ" ಅಂದ. ಮುಜಫರಗ ಮೊದಲು ತಿಳೀಲಿಲ್ಲ, ನಗಾಕತ್ತಿದ್ದ. ತಿಳದ ಮ್ಯಾಲ ಅವನ ಮಾರಿ ಸುಣ್ಣ ಆಯ್ತು. ಗುರುದೇವಿ ಹೊರಗ ಓಡಿ ಬಂದ್ಲು. "ಆ ಡಬ್ಬಿ ಒಂದು ಹಚ್ಚಿಸ್ಕೋರಿ. ಆಮ್ಯಾಲ ಬೇಕಾದ್ರ ನನ್ನ ತವರಿಗೆ ಕಳಸ್ರಿ, ಬ್ಯಾಡನ್ನೂದುಲ್ಲ."

ದೇವು ಅಕಿ ಮಾರಿ ಸುದ್ದಾ ನೋಡ್ಲಿಲ್ಲ. ಅವತ್ತ ಸಂಜಿಗೇ ತಾನೇ ಕುಂತು ದಪ್ಪ ತಂತಿ ಹಾಕಿ ಎರಡೂ ಬ್ಯಾಟರಿ ಜೋಡಿಸಿದ. "ಎರಡೆತ್ತು ಒಂದು ನೊಗಕ್ಕ ಹೂಡಿದ್ರ ಬಲಾ ಹೆಚ್ಚೋ ಕಮ್ಮಿಯೋ?" ಅಂತ ಎಲ್ಲಾರನ್ನೂ ಕೇಳಿದ. ಹೆಚ್ಚು ಅಂದ್ರು ಎಲ್ಲಾರೂ. ನಾನೂ ಹೆಚ್ಚು ಅಂದೆ. ಮುಜಫರ ಅದೇ ವಾರ ಅಂಗಡಿ ಮುಚ್ಚಿ ಹೈದರಾಬಾದಿಗೆ ಹೋದ.

ಮುಂದ ಆ ಮನ್ಯಾಗ ಮಾತಿಲ್ಲ. ಅಕಿ ತಾಟು ಇಡಾಕಿ, ಅವ ಉಂಡು ಏಳಾಂವ. ನಮ್ಮ ಗ್ವಾಡಿಗೆ ಕಿವಿ ಹಚ್ಚಿದ್ರ ಚಮಚದ ಸಪ್ಪಳ ಬಿಟ್ರ ಏನೂ ಕೇಳ್ತಿರಲಿಲ್ಲ.

ಶ್ರಾವಣದಾಗ ಫೋನ್ ಬಂತು. ವಡಗೇರಾ ಕಡಿ ಒಂದು ಹಳ್ಳದಾಗ ಟೆಂಪೋ ಸಿಕ್ಕೊಂಡದ, ಕಳೆ ತೆಗಿಯೋ ಹೆಣ್ಣಾಳು ಹನ್ನೊಂದು ಮಂದಿ ಅದಾರ ಅಂತ. ದೇವು ಹೋದ. ಜೀಪು ಹಳ್ಳದಾಗ ಇಳಿಸಿ, ಲೈಟು ಎಲ್ಲಾ ಹತ್ತಿಸಿ, ವಿಂಚಿಲೆ ಎಳೀಲಿಕ್ಕತ್ತಿದ. ಟೆಂಪೋ ದಂಡಿಗೆ ಹತ್ತಿತು. ಹೆಣ್ಣಾಳು ಎಲ್ಲಾರೂ ಇಳದ್ರು. ಅಷ್ಟ್ರಾಗ ಜೀಪಿಗೆ ನೀರು ಹೊಕ್ಕು ಇಂಜಿನ್ ಬಂದಾತು. ಚಾವಿ ತಿರುವಿದ... ಕಟ್. ಇನ್ನೊಮ್ಮೆ... ಕಟ್ ಕಟ್ ಕಟ್. ವಿಂಚು ಎರಡನೇ ಬ್ಯಾಟರಿ ಕುಡದಿತ್ತು. ಜೋಡಿಸಿದ್ದಕ್ಕ ಮೊದಲನೇದನ್ನೂ ಕುಡದಿತ್ತು. ಲೈಟು ಕೆಂಪಾಗಿ ಆರಿದ್ವು. "ಬಿಟ್ಟು ಬಾರೋ ಅಣ್ಣಾ" ಅಂತ ಹೆಣ್ಣಾಳು ಬಾಯಿ ಬಾಯಿ ಬಡಕೊಂಡ್ರು. "ಹಗ್ಗ ಬಿಚ್ಚಲಿಲ್ಲಂದ್ರ ಟೆಂಪೋನೂ ಎಳಕೊಂಡು ಹೋಗ್ತದ" ಅಂತ ಬಗ್ಗಿದ. ಹಗ್ಗ ಬಿಚ್ಚಿದ... ಮ್ಯಾಲಿಂದ ನೀರು ಬಂತು.

ಮೂರನೇ ದಿನ ಸಿಕ್ಕ. ಜೀಪು ಎರಡು ಫರ್ಲಾಂಗ್ ಕೆಳಗ ಸಿಕ್ತು, ಎಳಕೊಂಡು ಬಂದು ಆಲದ ಬುಡಕ್ಕ ನಿಲ್ಲಿಸಿದ್ರು. ಗುರುದೇವಿ ಅಳಲಿಲ್ಲ. "ಒಂದು ಮಾತು ಆಡಿ ಹೋಗಲಿಲ್ಲ" ಅಂದ್ಲು, ಅಷ್ಟೇ. ಆ ಮಾತು ಕೇಳಿ ನಾ ಮನಿಗೆ ಬಂದು ಬಾಗಲಾ ಹಾಕ್ಕೊಂಡೆ. ಮೂರು ದಿನ ನಳಕ್ಕ ಹೋಗಲಿಲ್ಲ.

ಇಂಥಾಕಿ, ನಾ ತೊಟ್ಲದ ಕಾರ್ಯ ಮುಗಿಸಿ ಬಂದ ರಾತ್ರಿ, ಜೀಪಿನ್ಯಾಗ ಕುಂತಾಳ, ಬಾಜೂಕ ಗಂಡಸು... ಮುಜಫರ ತಿರುಗಿ ಬಂದಾನ ಅಂತ ತಿಳಕೊಂಡು ನಾ ಮರದ ಮಗ್ಗಲಾಗ ನಿಂತೆ. ಕೈಯಳತಿ ದೂರ.

"ಇದು?" ಗಂಡಸಿನ ದನಿ. ಬಾಯಾಗ ನೀರು ಹಿಡಕೊಂಡು ಮಾತಾಡಿದಂಗ.

"ಕೆಂಪು. ವಿಂಚು."

ಟಕ್.

"ಇದು?"

"ಹಸಿರು. ಟಾಪಿನ ಲೈಟು."

ಟಕ್. ನನ್ನ ತಲಿ ಮ್ಯಾಲ ಟಾಪಿನ ಲೈಟು ಹತ್ತಿತು... ಪೂರಾ ಅಲ್ಲ. ಬೀಡಿ ತುದಿಯಂಗ ಕೆಂಪಗ. ಬ್ಯಾಟರಿ ಕೊಟ್ಟಿಗ್ಯಾಗ ಅದಾವ ಅಂತ ಹೇಳಿದೆನಲ್ಲ. ಅವಾಗ ನಾ ಮರಾ ತಬ್ಬಿ ಹಿಡದೆ.

"ಬಣ್ಣ ಇಲ್ಲದ್ದು ಯಾಕ ಕೆಲಸ ಮಾಡವಲ್ಲದು?"

ಟಕ್. ಟಕ್. ಅವನೇ ಮತ್ತ ಕೇಳಿದ.

"ಡಬ್ಬಿ ಹಚ್ಚಾಕ ಮುಜಫರ ಬಂದಿಲ್ಲೇನು?"

"ನಾಳಿ ಬರ್ತಾನರಿ."

"ಬಂದ್ರ ಒಳಗ ಕರಿ. ಚಾ ಕೊಡು." ಟಿಕ್ ಅಂತ ಸ್ವಿಚ್ಚು ಬಿಟ್ಟ. "ಗುರುದೇವಿ, ನಾ ಸಿಟ್ಟಿನ್ಯಾಗ ನಿನಗ ಏನರ ಅಂದೆನೇನು?"

"ಇಲ್ಲರಿ. ಏನೂ ಅಂದಿಲ್ಲ."

ನಾ ಹ್ಯಾಂಗ ಓಡಿದೆ, ಯಾವ ಕಡಿಂದ ಮನಿ ಹೊಕ್ಕೆ, ಕೇಳಬ್ಯಾಡ್ರಿ. ಚಪ್ಪಲಿ ಎಲ್ಲಿ ಬಿತ್ತೋ ಗೊತ್ತಿಲ್ಲ. ಈ ಅರವತ್ತೆಂಟು ವರ್ಷದಾಗ ನಾ ಹಂಗ ಓಡಿಲ್ಲ.

ನಸುಕಿಗೆ ಹೋದೆ ಮತ್ತ. ಹೋಗಲಾರದ ಇರಾಕ ಆಗಲಿಲ್ಲ. ಬ್ಯಾಟರಿ ಜಾಗಾ ಎರಡೂ ಖಾಲಿ, ತಂತಿ ಬಾಯಿ ತೆರಕೊಂಡು ಜೋತು ಬಿದ್ದಿದ್ವು. ಎಡಗಡಿ ಸೀಟು ಒಣಗಿತ್ತು. ಡ್ರೈವರ್ ಸೀಟು ಒತ್ತಿದೆ... ಕೈ ತುಂಬ ನೀರು. ಎರಿ ಮಣ್ಣಿನ ಕರೀ ನೀರು, ತಣ್ಣಗ. ಸೀಟಿನ ಕೆಳಗ ತಟ್... ತಟ್... ಅಂತ ಹನೀತಿತ್ತು. ಒಂದು ತಿಂಗಳಿಂದ ನಮ್ಮೂರಾಗ ಹನಿ ಮಳಿ ಇಲ್ಲ. ಬೇಕಾದ್ರ ಊರಾಗ ಯಾರನ್ನರ ಕೇಳ್ರಿ. ಸುಳ್ಳಾದ್ರ ನನ್ನ ನಾಲಿಗಿ ಬಿದ್ದು ಹೋಗಲಿ.

ತಿರುಗಿದ್ರ ಗುರುದೇವಿ ನಿಂತಿದ್ಲು. ಬೈತಾಳ ಅಂದ್ಕೊಂಡೆ. ಜುಟ್ಟು ಹಿಡಿದ್ರೂ ಹಿಡೀಲಿ ಅಂದ್ಕೊಂಡೆ, ಹಿಡದಿದ್ರ ನನಗೂ ಹಗುರ ಆಗ್ತಿತ್ತು. ಅಕಿ ಹಂಗೇನೂ ಮಾಡ್ಲಿಲ್ಲ. ಸೆರಗಿಲೆ ಸೀಟು ಒರಸಿದ್ಲು. ಹಿಂಡಿದ್ಲು. ಮತ್ತ ಒರಸಿದ್ಲು. ಆಮ್ಯಾಲ ನನ್ನ ಮಾರಿ ನೋಡಿ, ಸಾವಕಾಶ ಅಂದ್ಲು:

"ಊರಿಗೆ ಏನು ಬೇಕಾದ್ದು ಹೇಳ್ರಿ ಆಯಿ. ಮುಜಫರ ಬಂದಿದ್ದ ಅಂತನೇ ಹೇಳ್ರಿ, ನಾ ಇಲ್ಲನ್ನೂದುಲ್ಲ. ಇವರ ಮುಂದ ಮಾತ್ರ ಬಾಯಿ ಬಿಡಬ್ಯಾಡ್ರಿ. ತಾವು ಸತ್ತದ್ದು ಇವರಿಗಿನ್ನಾ ಗೊತ್ತಿಲ್ಲ."